ಕೆಂಡಮುಖನ ಚಾ

"ಕಾಕಾ, ಇದೊಂದು ಸೀನ್ ನೋಡಿ ಆಮ್ಯಾಲೆ ಹೋಗು," ಎಂದು ಚೇತನಾ ಅಮ್ಮನ ಫೋನು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಚಾ ಲೋಟ ಹಿಡಿದು ಎಂದಿನಂತೆ ತನ್ನ ಕೋಣೆಗೆ ಹೊರಟಿದ್ದ ಶರಣ ನಿಲ್ಲಲೇಬೇಕಾಯಿತು.

ಚೇತನಾ ಅವನ ಅಣ್ಣನ ಮಗಳು, ಹತ್ತು ವರ್ಷದವಳು. ಬನವಾಸಿಯ ಗೆಳತಿಯ ಮನೆಯಲ್ಲಿ ಒಂದು ಸೂಪರ್‌ಹೀರೋ ಸಿನಿಮಾ ನೋಡಿ ಬಂದಾಗಿನಿಂದ ಅದೇ ಗುಂಗು. ಆಕಾಶದಲ್ಲಿ ಹಾರುವ ನಾಯಕನ ಸುದ್ದಿ ಅವಳಿಗೆ ಬೇಡ. ಬಾಯಿ ಬಿಟ್ಟರೆ ಮುಖ ಸುಟ್ಟ ಖಳನಾಯಕ ಕೆಂಡಮುಖನದೇ ಮಾತು. ಗಣಿತದ ವಹಿಯ ಹಿಂದಿನ ಹಾಳೆಗಳಲ್ಲೆಲ್ಲ ಅವನದೇ ಚಿತ್ರ. ಶರಣ ಅದನ್ನು ನೋಡಿಯೂ ನೋಡದಂತಿದ್ದ.

ಎರಡು ವರ್ಷದ ಹಿಂದೆ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಸಿಡಿದು ಅವನ ಎಡಗೆನ್ನೆ, ತುಟಿಯ ತುದಿ ಬೆಂದುಹೋಗಿದ್ದವು. ಅಂದಿನಿಂದ ಅವನು ಯಾರೆದುರೂ ತುತ್ತು ಎತ್ತಿರಲಿಲ್ಲ, ಗುಟುಕು ಕುಡಿದಿರಲಿಲ್ಲ. ಮದುವೆಮನೆಗಳಲ್ಲಿ ಬಡಿಸಲು ನಿಲ್ಲುತ್ತಿದ್ದ, ಪಂಕ್ತಿಗೆ ಕೂರುತ್ತಿರಲಿಲ್ಲ. ಮನೆಯವರು ಒಳ್ಳೆಯವರು, ಏನನ್ನೂ ಕೇಳುತ್ತಿರಲಿಲ್ಲ.

ಪರದೆಯ ಮೇಲೆ ಕೆಂಡಮುಖ ನಗರದ ಸೇತುವೆ ಮುರಿದು ತನ್ನ ಹಾಳು ಗಿರಣಿಗೆ ಮರಳಿದ. ಕಬ್ಬಿಣದ ಮುಖವಾಡ ತೆಗೆದಿಟ್ಟ. ಒಬ್ಬನೇ ಕೂತು ಕಪ್ಪಿಗೆ ಚಾ ಬಗ್ಗಿಸಿಕೊಂಡು ತುಟಿಗೆ ಹಚ್ಚಿದ. ಅರ್ಧ ಚಾ ಗದ್ದದಗುಂಟ ಇಳಿದು ಅಂಗಿಗೆ ಸುರಿಯಿತು. ಕಪ್ಪು ಕೆಳಗಿಟ್ಟು ಅದನ್ನೇ ನೋಡುತ್ತ ಕೂತ. ಇನ್ನೇನು ನಾಯಕ ಛಾವಣಿ ಒಡೆದು ಇಳಿಯಬೇಕು, ಅಲ್ಲಿಗೆ ಚೇತನಾ ಸಿನಿಮಾ ನಿಲ್ಲಿಸಿದಳು.

ಶರಣನ ಕಿವಿ ಬಿಸಿಯಾದವು. "ಇದನ್ನ ನನಗ ತೋರಸು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನನಗ ಒಂದು ತಿಳೀವಲ್ದು, ಅದಕ್ಕ." ಬಿಡಿಸಲಾಗದ ಲೆಕ್ಕ ಹಿಡಿದು ಮಾಸ್ತರರ ಬಳಿ ಬಂದವಳ ಹಾಗೆ ಅವಳು ಹುಬ್ಬು ಗಂಟಿಕ್ಕಿದ್ದಳು. "ಸುಟ್ಟಿದ್ದು ಎಡಬಾಜು. ಬಲಕ್ಕ ಕುಡಿದ್ರ ಚೆಲ್ಲೂದಿಲ್ಲಲ್ಲ? ಅಷ್ಟು ದೊಡ್ಡ ಸೇತುವೆ ಮುರಿಯಾಂವಗ ಅದು ತಿಳಿಯೂದಿಲ್ಲೇನು?"

ಬೈಯಲೆಂದು ಬಾಯಿ ತೆರೆದವನು ಮತ್ತೊಮ್ಮೆ ಪರದೆ ನೋಡಿದ. ಕೆಂಡಮುಖ ಕಪ್ಪು ಹಿಡಿದಿದ್ದ ಬಗೆ, ಕತ್ತು ಇಟ್ಟಿದ್ದ ಬಗೆ ನೆನಪಿಸಿಕೊಂಡ. "ಬಲಕ್ಕ ಕುಡಿದ್ರ ಸಾಲೂದಿಲ್ಲ," ಎಂದುಬಿಟ್ಟ. "ತುಟಿ ಕೂಡೂದಿಲ್ಲ ನೋಡು. ಈ ಮೂಲಿ ಬೆರಳಿಲೆ ಒತ್ತಿ ಹಿಡೀಬೇಕು."

"ಹೆಂಗ? ತೋರ್ಸು."

ಕೋಣೆಯ ಬಾಗಿಲು ಎರಡೇ ಹೆಜ್ಜೆ ದೂರವಿತ್ತು. ಶರಣ ಅತ್ತ ನೋಡಿದ. ಆಮೇಲೆ ಅಲ್ಲೇ ಚಾಪೆಯ ಮೇಲೆ ಕೂತು, ತೋರುಬೆರಳಿನಿಂದ ತುಟಿಯ ತುದಿ ಒತ್ತಿ, ತಲೆ ತುಸು ಓರೆ ಮಾಡಿ, ಸಣ್ಣ ಗುಟುಕು ಎಳೆದ. ಚೇತನಾ ಅವನ ಮುಖಕ್ಕೆ ಮುಖ ತಂದು ನೋಡಿದಳು.

"ಒಂದ ಹನಿ ಬಿತ್ತು," ಎಂದಳು.

"ಗಡಿಬಿಡಿ ಮಾಡಿದ್ರ ಎರಡು ಬೀಳ್ತಾವು."

ಅಡುಗೆಮನೆಯಿಂದ ಬಂದ ಅತ್ತಿಗೆ ಮಹೇಶ್ವರಿ ಇದನ್ನು ಕಂಡು ಗಕ್ಕನೆ ನಿಂತಳು. ಏನಾದರೂ ಅಂದರೆ ಎದ್ದು ಹೋಗಿಬಿಟ್ಟಾನೆಂಬ ಭಯ. ಸೆರಗಿಗೆ ಕೈ ಒರೆಸುತ್ತ, "ಇನ್ನಷ್ಟು ಚಾ ಐತಿ," ಎಂದಳು, ಅಷ್ಟೇ. ಶರಣ ಲೋಟ ಮುಂದೆ ಹಿಡಿದ.

ಚೇತನಾ ತಾನೂ ತುಟಿಯ ತುದಿ ಒತ್ತಿಕೊಂಡು ನೀರು ಕುಡಿಯಲು ಹೋಗಿ ಲಂಗವನ್ನೆಲ್ಲ ತೋಯಿಸಿಕೊಂಡಳು. "ಕಾಕಾ, ನಿನಗ ಇದನ್ನ ಕಲೀಲಿಕ್ಕೆ ಎಷ್ಟು ದಿನ ಹಿಡೀತು?"

"ಎಂಟು ತಿಂಗಳು."

ಅವಳು ಫೋನಿನಲ್ಲಿ ಹಾಗೇ ನಿಂತಿದ್ದ ಕೆಂಡಮುಖನನ್ನು, ಅವನ ತೊಯ್ದ ಅಂಗಿಯನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ಇಂವ ಸುಟ್ಟುಕೊಂಡು ಇನ್ನೂ ಭಾಳ ದಿನ ಆಗಿಲ್ಲ."