ಗಾಡಿ ಹೋಗಲಿ

ಬಲಗೈ ಎತ್ತಿ, ಬಾಯಿ ತೆರೆದು, ಸರ್ವೋತ್ತಮ ರಾಯರು ಹಾಗೆಯೇ ನಿಂತುಬಿಟ್ಟರು. ಎದುರಿಗಿದ್ದ ನಾಟಕದ ಹೆಂಡತಿ ವೇದಾವತಿಯೂ ಸೆರಗನ್ನು ಕಣ್ಣಿಗೊತ್ತಿಕೊಂಡಿದ್ದವಳು ಒತ್ತಿಕೊಂಡಂತೆಯೇ ಕಲ್ಲಾದಳು. ನವಿ ಮುಂಬಯಿಯ ಆ ಸ್ಟುಡಿಯೋದಲ್ಲಿ ಎಸಿಯನ್ನು ಕೂಡ ಸದ್ದಾಗುತ್ತದೆಂದು ಆರಿಸಿದ್ದರು. ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ.

"ಕಟ್! ಸಾರ್, ಯಾಕ್ ನಿಲ್ಲಿಸ್ಬಿಟ್ರಿ?" ಎಂದಳು ನಿರ್ದೇಶಕಿ ಶ್ರೀಪ್ರಿಯಾ. ಹೊರನಾಡ ಕನ್ನಡಿಗರ ರಂಗನಾಟಕಗಳನ್ನು ಸರಕಾರಿ ಚಾನೆಲ್ಲಿಗೆ ಅಳವಡಿಸಲು ಬೆಂಗಳೂರಿನಿಂದ ಬಂದಿದ್ದ ಹುಡುಗಿ.

"ಗಾಡಿ ಹೋಗ್ಲಿ ಅಂತ," ಎಂದರು ರಾಯರು.

"ಯಾವ ಗಾಡಿ?"

"ಕಲ್ಯಾಣದ ಕಡೆಗೆ ಹೋಗುವುದು."

ವೇದಾವತಿ ಸೆರಗಿನ ಒಳಗಿಂದಲೇ ಪಿಸುಗುಟ್ಟಿದಳು: "ಅದು ಉದ್ದದ ಗಾಡಿ ಮೇಡಂ, ಲೋಕಲ್ ಅಲ್ಲ. ಸ್ವಲ್ಪ ಹೊತ್ತು ಬೇಕು."

ತಪ್ಪು ಅವರದ್ದಲ್ಲ. ಡೊಂಬಿವಲಿಯಲ್ಲಿ ಅವರ ಸಂಘದ ಸಭಾಂಗಣ ರೈಲು ಹಳಿಗೆ ಅಂಟಿಕೊಂಡೇ ಇದೆ. ಗಾಡಿ ಬಂತೆಂದರೆ ಪಾತ್ರಗಳು ಇದ್ದಲ್ಲೇ ನಿಲ್ಲಬೇಕು. ಸಾಯುತ್ತಿದ್ದವನು ಅರ್ಧ ಸತ್ತು ಕಾಯಬೇಕು. ಪ್ರೇಕ್ಷಕರು ಅಷ್ಟರಲ್ಲಿ ತಮ್ಮ ಕೆಮ್ಮು ಮುಗಿಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಒಂದೇ ನಾಟಕ ಆಡಿ ಆಡಿ, ರಾಯರ ಕೊನೆಯ ಮಾತು ಗಾಡಿಯ ಬೆನ್ನಿಗೇ ಹೊರಡುವುದು ರೂಢಿಯಾಗಿಬಿಟ್ಟಿತ್ತು. ಗಾಡಿ ಹೋಗದೆ ಅದು ಗಂಟಲು ಬಿಟ್ಟು ಕದಲದು.

ಮತ್ತೆ ಮತ್ತೆ ಶಾಟ್ ತೆಗೆದರು. ಮತ್ತೆ ಮತ್ತೆ ರಾಯರು ಕೈ ಎತ್ತಿ ನಿಂತರು. ಕಡೆಗೆ ಶ್ರೀಪ್ರಿಯಾ ಫೋನಿನಲ್ಲಿ ಎಲ್ಲಿಂದಲೋ ಒಂದು ರೈಲಿನ ಸದ್ದು ಹುಡುಕಿ ಜೋರಾಗಿ ಹಾಕಿದಳು. ಧಡಧಡ ಧಡಧಡ ಎಂದು ಗಾಡಿ ಸ್ಟುಡಿಯೋ ದಾಟಿತು. ರಾಯರ ಗಂಟಲು ತೆರೆಯಿತು.

"ಜನ ನನ್ನನ್ನು ಯಜಮಾನ ಅಂದರು. ಆದರೆ ನಡೆಸಿದವಳು ನೀನು."

ಕ್ಯಾಮರಾದವನಿಗೆ ಕನ್ನಡ ಬಾರದು. ಅವನೂ ಕಣ್ಣೊರೆಸಿಕೊಂಡ.

"ಸೂಪರ್ ಸಾರ್! ಗಾಡಿ, ಗ್ಯಾಪು ಎಲ್ಲಾ ಎಡಿಟಿಂಗಲ್ಲಿ ಕಿತ್ತಾಕ್ಬಿಡ್ತೀನಿ."

"ಕಿತ್ತರೆ ಮಾತು ಉಳಿತದಾ ಮೇಡಂ?" ರಾಯರು ಅನುಮಾನದಿಂದ ಕೇಳಿದರು. ಅವರಿಗೆ ಬೇಕಾದದ್ದು ಆ ಒಂದು ಮಾತು, ಅದೂ ಒಬ್ಬಳ ಕಿವಿಗೆ. ನಾಟಕವಿದ್ದ ದಿನವೆಲ್ಲ ಹೆಂಡತಿ ಜಯಲತಾ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿರುತ್ತಿದ್ದಳು. ಅವಳು ಅಲ್ಲಿ ಕೂತದ್ದರಿಂದಲೇ ಇವರು ಇಲ್ಲಿ ಬಣ್ಣ ಹಚ್ಚಿದ್ದು. ಇಪ್ಪತ್ತು ವರ್ಷದಲ್ಲಿ ಅವಳು ನಾಟಕ ನೋಡಿದ್ದಿಲ್ಲ. ಆ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಗಂಡಸು ಇವರಲ್ಲ.

ಪ್ರಸಾರ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಮನೆಯೂ ಹಳಿಯ ಪಕ್ಕದಲ್ಲೇ. ಆದರೆ ದೇವರು ದೊಡ್ಡವನು: ಸೇತುವೆಯ ಕೆಲಸಕ್ಕೆಂದು ಅವತ್ತು ಹತ್ತು ಗಂಟೆಯಿಂದ ಸಂಜೆಯವರೆಗೆ ಮೆಗಾಬ್ಲಾಕ್, ಎಲ್ಲ ಲೈನೂ ಬಂದ್. ಮಗ ಸುಜನನನ್ನು ಗಲ್ಲಾದಲ್ಲಿ ಕೂರಿಸಿ ಜಯಲತಾ ಮನೆಗೆ ಬಂದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಹೋಟೆಲಿನ ಬೀಗದ ಕೈಗಳಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಮುಂದೆ ಕೂತಳು. ಸೆರಗು ಕಣ್ಣಿಗೊತ್ತಿದ ವೇದಾವತಿಯನ್ನು ನೋಡಿ, "ಇವಳಿಗೆ ಎಂತ ಕಷ್ಟ ಅಂತ ಅಳುದು? ಒಂದು ದಿನ ನಮ್ಮ ಗಲ್ಲಾದಲ್ಲಿ ಕೂರ್ಲಿ," ಎಂದಳು.

ಟಿವಿಯ ರಾಯರು ಬಲಗೈ ಎತ್ತಿದರು. ಬಾಯಿ ತೆರೆದರು. ನಿಲ್ಲಲಿಲ್ಲ.

ಗ್ಯಾಪನ್ನು ಶ್ರೀಪ್ರಿಯಾ ಕಿತ್ತಿದ್ದಳು; ಸೋಫಾದ ರಾಯರು ಮುಂದಕ್ಕೆ ಬಾಗಿದರು. ಮೆಗಾಬ್ಲಾಕಿಗೆ ಮುಂಚಿನ ಕೊನೆಯ ಗಾಡಿ, ಎಲ್ಲಿಯೋ ತಡವಾಗಿದ್ದದ್ದು, ಆ ಗಳಿಗೆಯಲ್ಲೇ ಕಿಟಕಿಯ ಗಾಜು ನಡುಗಿಸುತ್ತ ಬಂತು. ಉದ್ದದ ಗಾಡಿ. ಟಿವಿಯಲ್ಲಿ ಅವರ ತುಟಿಗಳು ಆಡಿದವು, ವೇದಾವತಿ ಬಿಕ್ಕಿದಳು, ಹೆಸರುಗಳು ಮೇಲೇರತೊಡಗಿದವು. ಗಾಡಿಯ ಬಾಲ ದಾಟುವಾಗ ಕೇಳಿದ್ದು ಸಾಬೂನಿನ ಜಾಹೀರಾತು.

"ಗಾಡಿ ಹೋಗುವಾಗ ಯಾರಾದ್ರೂ ಮಾತಾಡ್ತಾರಾ ಮಾರಾಯ್ರೆ?" ಜಯಲತಾ ನಿಜಕ್ಕೂ ಬೇಸರಪಟ್ಟಳು. "ಇಷ್ಟು ವರ್ಷ ಇಲ್ಲೇ ಇದ್ದು ಅಷ್ಟೂ ಗೊತ್ತಾಗುದಿಲ್ವಾ ನಿಮಗೆ? ಕೊನೆಗೆ ಹೇಳಿದ್ದು ಎಂತ?"

"ಎಂತ ಇಲ್ಲ... ಒಂದು ಮಾತು."

"ಹೇಳಿ ನೋಡುವ. ನಾನು ಕೇಳ್ಲಿಕ್ಕೇ ಬಂದದ್ದಲ್ವಾ?"

ರಾಯರು ಎದ್ದರು. ಪಂಚೆ ಸರಿಪಡಿಸಿಕೊಂಡು ಅವಳ ಎದುರು ನಿಂತರು. ಬಲಗೈ ಎತ್ತಿದರು, ಬಾಯಿ ತೆರೆದರು, ನಿಂತರು. ಹೊರಗೆ ಖಾಲಿ ಹಳಿ. ಅದರ ಮೇಲೊಂದು ಕಾಗೆ ನಿಶ್ಚಿಂತೆಯಿಂದ ನಡೆದುಹೋಗುತ್ತಿತ್ತು. ರೈಲಿದ್ದ ಫೋನು ಶ್ರೀಪ್ರಿಯಾಳ ಜೊತೆ ಬೆಂಗಳೂರಿಗೆ ಹೋಗಿಯಾಗಿತ್ತು. ಮಾತು ನಾಲಿಗೆಯ ಬುಡದಲ್ಲಿ, ಸಿಗ್ನಲ್ ಸಿಗದ ಲೋಕಲ್ಲಿನಂತೆ, ನಿಂತೇ ಇತ್ತು.

ಜಯಲತಾ ಕಾದಳು. ಗಂಡನ ತೆರೆದ ಬಾಯಿ ನೋಡಿದಳು, ಕಿಟಕಿಯ ಕಡೆ ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಮಮ್ಮಿ, ಜಲ್ದಿ ಆ! ಛುಟ್ಟಾ ಕಿಧರ್ ರಖಾ ಹೈ? ಸ್ಟೋರ್ ಕಾ ಚಾವಿ ಕಿಧರ್ ಹೈ?" ಚಿಲ್ಲರೆಯೂ ಸ್ಟೋರಿನ ಬೀಗದ ಕೈಯೂ ಸಿಗದೆ ಸುಜನ್ ಅಳುವ ದನಿಯಲ್ಲಿ ಕೇಳುತ್ತಿದ್ದ.

"ಬಂದೆ ಮಗಾ," ಎಂದು ಅವಳು ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿ, ಏನೋ ನೆನಪಾದವಳಂತೆ ಹಿಂದೆ ಬಂದಳು. ಬೀಗದ ಕೈಗಳ ಚೀಲವನ್ನು ಗಂಡನ ಎತ್ತಿದ ಕೈಗೆ ತೂಗುಹಾಕಿ, ಎರಡೂ ಕೈಯಿಂದ ಚಪ್ಪಲಿಯ ಪಟ್ಟಿ ಬಿಗಿದುಕೊಂಡಳು. ಚೀಲ ಒಳಗೇ ಝಣಝಣ ಎನ್ನುತ್ತ ಓಲಾಡಿತು. ಕೈ ಇಳಿಯಲಿಲ್ಲ.

ಚೀಲವನ್ನು ಮೆಲ್ಲನೆ ಬಿಡಿಸಿಕೊಂಡು ಅವಳು ಹೇಳಿದಳು: "ಅವಸರ ಇಲ್ಲ. ಸಂಜೆ ಐದಕ್ಕೆ ಮೊದಲ ಗಾಡಿಯಂತೆ. ನಾನು ಅಷ್ಟೊತ್ತಿಗೆ ಬರ್ತೇನೆ."