ಬಿಚ್ಚಬಾರದ ಪೆಟ್ಟಿಗೆ

ಕಂಪ್ಯೂಟರ್ ಅಂಗಡಿಯ ಪ್ರೇಮಾನಂದ ಕೈಗೆ ಕೊಟ್ಟ ಮದರ್‌ಬೋರ್ಡಿನ ಮೇಲೆ ಸರೋಜ ಟೀಚರ್ ಒಂದು ಹನಿ ಎಣ್ಣೆ ಬಿಟ್ಟರು. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ. ಅದರ ಪುಟ್ಟ ಬಾಟಲಿ ಯಾವಾಗಲೂ ಅವರ ಬ್ಯಾಗಿನಲ್ಲಿರುತ್ತಿತ್ತು. ಬೈಂದೂರಿನ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಎಂಟು ಟೈಪ್‌ರೈಟರುಗಳನ್ನು ಅವರು ಇಪ್ಪತ್ತೆರಡು ವರ್ಷ ಕಡಲಿನ ಉಪ್ಪುಗಾಳಿಯಿಂದ ಉಳಿಸಿಕೊಂಡು ಬಂದದ್ದು ಪ್ರತಿ ಶನಿವಾರ ಬಿಡುತ್ತಿದ್ದ ಅದೇ ಎಣ್ಣೆಯಿಂದ. ಲೋಹ ಕಂಡ ಕೂಡಲೇ ಕೈ ತಾನಾಗಿ ಬಾಟಲಿಯ ಕಡೆಗೆ ಹೋಗಿತ್ತು.

ಪ್ರೇಮಾನಂದ ಬೋರ್ಡನ್ನು ಎತ್ತಿ ಹಿಡಿದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದ. "ಕಾಣಿ, ಟೀಚರ್ ಕಂಪ್ಯೂಟರಿಗೆ ಒಗ್ಗರಣೆ ಹಾಕಿರ್."

ಯುಪಿಎಸ್ ರಿಪೇರಿಗೆ ತಂದಿದ್ದ ಐಸ್ ಪ್ಲಾಂಟಿನ ಶೀನ ಎಲ್ಲರಿಗಿಂತ ಜೋರಾಗಿ ನಕ್ಕ. ಅರ್ಧ ಗಂಟೆಯ ಹಿಂದೆ ಟೀಚರ್ ಒಳಗೆ ಬಂದಾಗ, ಯಾರೂ ಹೇಳದೆಯೇ ಎದ್ದು ತನ್ನ ಸ್ಟೂಲನ್ನು ಒರೆಸಿ ಕೊಟ್ಟವನೂ ಅವನೇ. "ಹ್ವಾಯ್ ಟೀಚರೇ, ನಮ್ಮ ಬೋಟಿಗೂ ಒಂದ್ ಹನಿ ಬಿಡಿ ಕಾಂಬ" ಎಂದ.

ಟೀಚರ್ ಕೇಳಲು ಬಂದದ್ದು ಇಷ್ಟೇ: ನಾಲ್ಕು ಕಂಪ್ಯೂಟರುಗಳನ್ನು ಅಂಗಡಿಯವರೇ ಜೋಡಿಸಿ ಕೊಡುವುದು ಒಳ್ಳೆಯದೋ, ಅಥವಾ ಬಿಡಿ ಸಾಮಾನು ಕೊಂಡುಹೋಗಿ ತಾವೇ ಜೋಡಿಸಿಕೊಳ್ಳಬಹುದೋ. ಜೂನ್ ಒಂದರೊಳಗೆ ಕಂಪ್ಯೂಟರ್ ಬರದಿದ್ದರೆ ಇನ್‌ಸ್ಟಿಟ್ಯೂಟಿನಲ್ಲಿ ಉಳಿದಿರುವ ಹನ್ನೊಂದು ಮಕ್ಕಳೂ ಬಸ್‌ಸ್ಟ್ಯಾಂಡಿನ ಎದುರು ತೆರೆದ ಹೊಸ ಸೆಂಟರಿಗೆ ಹೋಗುವವರಿದ್ದರು. ಪ್ರಶ್ನೆಗೆ ಉತ್ತರವಾಗಿ ಪ್ರೇಮಾನಂದ ಒಂದು ಸತ್ತ ಬೋರ್ಡನ್ನೂ ಒಂದು ರ‍್ಯಾಮ್ ಚೂರನ್ನೂ ಮುಂದಿಟ್ಟು, ಇದನ್ನು ಅದಕ್ಕೆ ಸಿಕ್ಕಿಸಿ ತೋರಿಸಿ ಎಂದು ಪರೀಕ್ಷೆ ಕೊಟ್ಟಿದ್ದ. ಅವನು ಮುಂಬಯಿಯಲ್ಲಿ ಮೂರು ವರ್ಷ ಇದ್ದು ಬಂದವನು. ಸ್ಕ್ರೂಡ್ರೈವರ್ ಹಿಡಿಯುವುದರ ಜೊತೆಗೆ ಗಿರಾಕಿಯನ್ನು ಮಂಗ ಮಾಡುವುದನ್ನೂ ಅಲ್ಲೇ ಕಲಿತಿರಬೇಕು.

ಟೀಚರ್ ಸೆರಗಿನ ತುದಿಯಿಂದ ಎಣ್ಣೆ ಒರೆಸಿ, ತಪ್ಪಾಯಿತು ಎಂದು ಒಪ್ಪಿಕೊಂಡರು. ಆಮೇಲೆ ಕೇಳಿದರು. "ಟೈಪ್‌ರೈಟರ್ ಹಾಳಾರೆ ನಾನೇ ಬಿಚ್ಚಿ ಸರಿ ಮಾಡ್ತಿದ್ದೆ. ಇದ್ ಹಾಳಾರೆ?"

"ಇಲ್ಲಿಗ್ ತನ್ನಿ."

"ಬೈಂದೂರಿಂದ?"

"ಬಸ್ ಇತ್ತಲ್ದಾ ಟೀಚರ್, ಅರ್ಧ ಗಂಟೆಗೊಂದ್. ಮಡಿಲಲ್ಲಿ ಇಟ್ಕಂಡ್ ಬನ್ನಿ, ಟಿಕೆಟ್ ಕೇಂತಿಲ್ಲ."

ಪುನಃ ನಗು. ಮಕ್ಕಳ ಪರೀಕ್ಷೆಯ ಹಿಂದಿನ ದಿನ ಒಂದು ಕಂಪ್ಯೂಟರ್ ಕಣ್ಣು ಮುಚ್ಚಿದರೆ, ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಇದೇ ನಗುವಿನ ಎದುರು ಬಂದು ನಿಲ್ಲಬೇಕು. ಟೀಚರಿಗೆ ಅದು ಈಗಲೇ ಕಣ್ಣಿಗೆ ಕಟ್ಟಿತು. ಹಾಗಾದರೆ ಒಂದನ್ನು ಈಗಲೇ ನನ್ನೆದುರಿಗೇ ಜೋಡಿಸಿ, ಕೂತು ನೋಡುತ್ತೇನೆ ಎಂದರು.

ನೋಡುವವರಿದ್ದರೆ ಪ್ರೇಮಾನಂದನಿಗೆ ಹುರುಪು. ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ ತೆರೆದ. ಕೆಲಸ ಶುರುಮಾಡುವ ಮೊದಲು, ಬೆವರುತ್ತಿದ್ದ ಟೀಚರ ಕಡೆಗೆ ಟೇಬಲ್ ಫ್ಯಾನನ್ನು ತಿರುಗಿಸಿಟ್ಟ. ಹಾಗೆ ಮಾಡಿದ್ದು ಅವನ ಗಮನಕ್ಕೂ ಬಂದಂತಿರಲಿಲ್ಲ. ಟೀಚರ್ ಬ್ಯಾಗಿನಿಂದ ಒಂದು ನೋಟ್‌ಪುಸ್ತಕ ತೆಗೆದರು.

ಪ್ರೊಸೆಸರಿನ ಒಂದು ಮೂಲೆಯಲ್ಲಿ ಗುರುತಿರುತ್ತದೆ, ಅದು ಇಲ್ಲಿಗೇ ಬರಬೇಕು. ಕೂರದಿದ್ದರೆ ಒತ್ತಬಾರದು, ತಿರುಗಿಸಿ ನೋಡಬೇಕು. ರ‍್ಯಾಮ್ ಟಕ್ ಎಂದರೆ ಮಾತ್ರ ಕೂತಿತು ಎಂದರ್ಥ. ಅವನು ಹೇಳುತ್ತಲೇ ಹೋದ, ಟೀಚರಿಗಲ್ಲ, ಶೀನನಿಗೆ. ನಡುನಡುವೆ, ಇದು ಬೆರಳು ಕುಟ್ಟಿ ಕಲಿಯುವ ವಿದ್ಯೆಯಲ್ಲ, ಹೆಂಗಸರಿಗೆ ಹೇಳಿದ್ದಲ್ಲ ಎಂಬುದನ್ನೂ ಸೇರಿಸಿದ. ಪ್ರೊಸೆಸರಿನ ಮೇಲೆ ಬಿಳಿ ಪೇಸ್ಟ್ ಸವರಿದಾಗ ಟೀಚರ್, ಇದು ಎಂತಕ್ಕೆ ಎಂದು ಕೇಳಿದರು. ಬಿಸಿಯನ್ನು ಅದರ ಮೇಲೆ ಕೂರುವ ಪುಟ್ಟ ಫ್ಯಾನಿನ ಕಡೆಗೆ ದಾಟಿಸಲು ಎಂದ.

"ಕಡೆಗೂ ಒಂದ್ ಕಡೆ ಸವರುಕಿತ್ತಲ್ದಾ" ಎಂದರು ಟೀಚರ್. ಯಾರೂ ನಗಲಿಲ್ಲ.

ಪೇಸ್ಟಿನ ಬೆರಳು ಒರೆಸಿಕೊಳ್ಳುವಾಗ ಅವನ ಕಣ್ಣು ಪುಸ್ತಕದ ಮೇಲೆ ಬಿತ್ತು. ಗೀಟು, ಕೊಕ್ಕೆ, ಚುಕ್ಕಿ. "ಇದೆಂತ ಟೀಚರ್, ರಂಗೋಲಿಯಾ?"

"ಕೈ ಸುಮ್ನೆ ಕೂಕಂತಿಲ್ಲ ಮರಾಯ್ರೆ, ನೀವ್ ಹೇಳಿ" ಎಂದರು ಟೀಚರ್.

ಅದು ಶಾರ್ಟ್‌ಹ್ಯಾಂಡ್, ಶೀಘ್ರಲಿಪಿ. ಮಿನಿಟಿಗೆ ನೂರಿಪ್ಪತ್ತು ಶಬ್ದದ ಪರೀಕ್ಷೆ ಪಾಸಾದ ಕೈ ಅವರದು. ಪ್ರೇಮಾನಂದನ ಬಾಯಿಗೆ ಅಷ್ಟೇನೂ ವೇಗವಿರಲಿಲ್ಲ.

ಒಂದೂವರೆ ಗಂಟೆಯಲ್ಲಿ ಪರದೆ ಬೆಳಗಿತು. ಪ್ರೇಮಾನಂದ ಕ್ಯಾಬಿನೆಟ್ ಮುಚ್ಚಿ ಸ್ಕ್ರೂ ಬಿಗಿದು, ಸಂದಿನ ಮೇಲೆ ಅಂಗಡಿಯ ಹೆಸರಿನ ಚೀಟಿ ಇಟ್ಟು ಹೆಬ್ಬೆರಳಿನಿಂದ ಒತ್ತಿದ. "ಇದನ್ನ್ ಮಾತ್ರ ಬಿಚ್ಚುಕಾಗ. ಚೀಟಿ ಹರಿದ್ರೆ ಗ್ಯಾರಂಟಿ ಇಲ್ಲ. ಉಳ್ದ ಮೂರನ್ನೂ ಹೀಂಗೇ ಕಟ್ಟಿ ಇಡ್ಲಾ?"

"ಮೊದ್ಲ್ ಇದ್ ಸರಿ ಇತ್ತಾ ಹೇಳಿ" ಎಂದು ಟೀಚರ್ ಪುಸ್ತಕದ ಮೊದಲ ಪುಟ ತಿರುವಿದರು. ಪಾಠ ಓದುವ ಸ್ವರದಲ್ಲಿ, ಅವಸರವಿಲ್ಲದೆ ಓದತೊಡಗಿದರು. ಪ್ರೊಸೆಸರಿನ ಮೂಲೆಯ ಗುರುತು, ರ‍್ಯಾಮಿನ ಟಕ್, ಯಾವ ವಯರಿನ ಕೆಂಪು ಯಾವ ಬದಿಗೆ ಬರಬೇಕು ಎಂಬುದು. ಅವನು ಹೇಳಿದ ಕ್ರಮದಲ್ಲೇ, ಅವನ ಮಾತಿನಲ್ಲೇ. ಹೆಂಗಸರಿಗೆ ಹೇಳಿದ್ದಲ್ಲ ಎಂಬುದೂ ಅದರದೇ ಜಾಗದಲ್ಲಿ ಬಂತು. ಅಲ್ಲಿಗೆ ಬಂದಾಗ ಶೀನ ತನ್ನ ಯುಪಿಎಸ್ಸಿನ ಮೇಲಿನ ಧೂಳು ಒರೆಸತೊಡಗಿದ.

ಕೊನೆಯ ಪುಟ ಮುಗಿಸಿ ಟೀಚರ್ ಕೇಳಿದರು. "ಎಂತದಾರೂ ಬಿಟ್ ಹೋಯ್ತಾ?"

ಪ್ರೇಮಾನಂದ ಇಲ್ಲವೆಂದು ತಲೆಯಾಡಿಸಿದ.

"ಹಾಂಗಾರೆ ಉಳ್ದ ಮೂರಕ್ಕೆ ಸಾಮಾನ್ ಮಾತ್ರ ಕೊಡಿ" ಎಂದು ಟೀಚರ್ ಪೆನ್ನಿಗೆ ಮುಚ್ಚಳ ಹಾಕಿದರು.

ಅವನ ಹೆಬ್ಬೆರಳು ಇನ್ನೂ ಆ ಚೀಟಿಯನ್ನು ಒತ್ತಿ ಹಿಡಿದೇ ಇತ್ತು.