ಮನೆಯಲ್ಲಿ ಮಾತ್ರ ತೆರೆಯುವ ಫೈಲುಗಳು

ಈ ಸಲವೂ ಚಾಟಿಗೆ ಬೇರೆ ಯಾರೋ ಬಂದರು. ಅವರ ನಮಸ್ಕಾರಕ್ಕೂ ಉತ್ತರ ಕೊಡದೆ ಅವಳು ಚಾಟ್ ಮುಚ್ಚಿ ಮತ್ತೆ ತೆರೆದಳು. ಅವಳಿಗೆ ಬೇಕಾದವನು 'ಗೆಳೆಯ'. ಆ ಕಂಪ್ಯೂಟರ್ ಸಹಾಯ ಕೇಂದ್ರದಲ್ಲಿ ಯಾರೂ ಸ್ವಂತ ಹೆಸರು ಹೇಳುವಂತಿಲ್ಲ, ಗ್ರಾಹಕರ ಹೆಸರು ಕೇಳುವಂತಿಲ್ಲ. ಕಂಪನಿ ಕೊಟ್ಟ ಅಡ್ಡಹೆಸರೇ ಗುರುತು. ಹಾಳಾದ್ದು, ಅದೆಷ್ಟು ಜನರನ್ನು ಇಟ್ಟುಕೊಂಡಿದ್ದಾರಪ್ಪ!

ಬಾಗಿಲ ಬಳಿ ಸೂಟ್‌ಕೇಸ್ ನಿಂತಿತ್ತು. ಗಂಡ ಕೆಲಸಕ್ಕೆ ಹೋಗಿದ್ದ. ಅವನು ಬರುವುದರೊಳಗೆ ಎಲ್ಲ ಮುಗಿಯಬೇಕು.

ಕೊನೆಗೂ ಪರದೆಯ ಮೇಲೆ ಅಕ್ಷರಗಳು ಮೂಡಿದವು. "ನಮಸ್ಕಾರ, ನಾನು ಗೆಳೆಯ. ಏನು ತೊಂದರೆ ಹೇಳಿ ಮೇಡಂ."

ಅವಳು ಟೈಪ್ ಮಾಡಿದಳು. "ಫೈಲುಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಮನೇಲಿ ಓಪನ್ ಆಗುತ್ತೆ. ಹೊರಗೆ ಆಗಲ್ಲ."

ಅವಳು ಟೈಲರ್. ವರ್ಷಗಟ್ಟಲೆ ಕೂತು ಬರೆದ ಉಡುಪಿನ ನಕ್ಷೆಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು: ಕಾಲರು, ತೋಳು, ಮಕ್ಕಳ ಫ್ರಾಕು. ಅವು ಕೈಯಲ್ಲಿದ್ದರೆ ಯಾವ ಊರಿಗೆ ಹೋದರೂ ಬದುಕಿಕೊಳ್ಳಬಹುದು. ಇಲ್ಲದಿದ್ದರೆ ಎಲ್ಲ ಮೊದಲಿನಿಂದ. ಅಕ್ಕನ ಊರಿನಲ್ಲಿ ಒಂದು ಅಂಗಡಿ ಗೊತ್ತಾಗಿತ್ತು. "ಬರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡೇ" ಎಂದು ಅಕ್ಕ ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದಳು. ಆದರೆ ಪ್ರಿಂಟ್ ಹಾಕಿಸಲು ಹೋದಲ್ಲೆಲ್ಲ ಆ ಫೈಲುಗಳು ಅನುಮತಿ ಇಲ್ಲವೆಂದು ಹಟ ಹಿಡಿಯುತ್ತಿದ್ದವು.

"ಫೈಲಿನ ಹೆಸರುಗಳು ಹಸಿರು ಬಣ್ಣದಲ್ಲಿ ಕಾಣ್ತಿವೆಯಾ?"

"ಹೂಂ."

"ಅವಕ್ಕೆ ಬೀಗ ಬಿದ್ದಿದೆ ಮೇಡಂ. ಅದನ್ನ ತೆಗೆಯೋ ಕೀಲಿ ಆ ಕಂಪ್ಯೂಟರಿನ ಒಳಗೇ ಇರುತ್ತೆ. ಅದಕ್ಕೇ ಬೇರೆ ಕಡೆ ಓಪನ್ ಆಗಲ್ಲ. ಬೀಗ ಹಾಕಿದ್ದು ಯಾರು?"

"ನನ್ನ ಗಂಡ. ಸಿಕ್ಕಿದ್ದಕ್ಕೆಲ್ಲ ಬೀಗ ಹಾಕೋದು ಅವರ ಅಭ್ಯಾಸ."

"ತೆಗೆಯೋಕೆ ಅವರ ಒಪ್ಪಿಗೆ ಇದೆಯಾ? ತಪ್ಪು ತಿಳ್ಕೋಬೇಡಿ, ಕೇಳಲೇಬೇಕು ಅಂತ ನಮ್ಮ ನಿಯಮ."

ಅವಳು ಸೂಟ್‌ಕೇಸಿನತ್ತ ಒಮ್ಮೆ ನೋಡಿ ಬರೆದಳು. "ಅವರನ್ನೇ ಕೇಳ್ತಾ ಇದ್ದೀನಿ."

"ಏನಂತಾರೆ?"

"ಇನ್ನೂ ಏನೂ ಅಂದಿಲ್ಲ."

"ಪರವಾಗಿಲ್ಲ, ಕಾಯ್ತೀನಿ. ಎಷ್ಟು ಹೊತ್ತಾದ್ರೂ ಸರಿ."

ಎಷ್ಟು ಹೊತ್ತಾದರೂ! ಈ ಮನೆಯಲ್ಲಿ ಯಾರಾದರೂ ಅವಳಿಗೆ ಹಾಗೆ ಹೇಳಿ ಯಾವ ಕಾಲವಾಯಿತೋ. ಗಂಡ ಕೆಟ್ಟವನಲ್ಲ. ಕುಡಿತವಿಲ್ಲ, ಹೊಡೆತವಿಲ್ಲ, ಒಂದು ಗಟ್ಟಿ ಮಾತೂ ಇಲ್ಲ. ಮೆತ್ತನೆಯ ಮಾತೂ ಇಲ್ಲ, ಅದೇ ಬಂದಿದ್ದು ಕಷ್ಟ. ಇದ್ದಬದ್ದ ಮಾತನ್ನೆಲ್ಲ ಹೊರಗೇ ಖರ್ಚು ಮಾಡಿ ಬರುತ್ತಿದ್ದ. ಬಂದವನು ಉಂಡು, ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಕೇಳಿದರೆ "ಹೂಂ", ಅತ್ತರೂ "ಹೂಂ". ಮನೆಯಲ್ಲಿ ಇಬ್ಬರಿದ್ದೂ ಒಂಟಿಯಾಗಿರುವುದು ಅವಳಿಗೆ ಸಾಕುಸಾಕಾಗಿತ್ತು.

"ಮೇಡಂ, ಇದ್ದೀರಾ?"

"ಇದ್ದೀನಿ. ಈ ರೂಮಲ್ಲಿ ಬೆಳಕು ಕಮ್ಮಿ. ಹೊಲಿಗೆ ಮೆಷಿನ್ನಿನ ದೀಪಾನ ಈ ಕಡೆ ತಿರುಗಿಸ್ಕೊಂಡು ಕೂತಿದ್ದೀನಿ." ಕಳಿಸಿದವಳು ಪರದೆಯಿಂದ ಕಣ್ಣು ತೆಗೆಯದೆ ಕಾದಳು.

ಉತ್ತರ ಬರಲು ತಡವಾಯಿತು. "ಕ್ಷಮಿಸಿ, ಇನ್ನೂ ಮೂರು ಜನರ ಜೊತೆ ಮಾತಾಡ್ತಾ ಇದ್ದೆ. ಕಣ್ಣಿಗೆ ಆಯಾಸ ಮಾಡ್ಕೋಬೇಡಿ. ಒಪ್ಪಿದ್ರಾ ಅವರು?"

ಮುಖ ಗೊತ್ತಿಲ್ಲದ ಆ ಮೂರು ಜನರ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. "ಒಪ್ಪಿದ ಹಾಗೇ" ಎಂದು ಬರೆದಳು.

ಅವನು ಒಂದೊಂದೇ ಹೆಜ್ಜೆ ಹೇಳಿಕೊಟ್ಟ. ಫೋಲ್ಡರ್ ಮೇಲೆ ಬಲಗಡೆ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿರುವ ಟಿಕ್ ತೆಗೆಯುವುದು. ಅವಳು ಮಾಡಿದಳು. ಹೆಸರುಗಳು ಹಸಿರಾಗಿಯೇ ಉಳಿದವು.

"ಆಗ್ಲಿಲ್ಲ. ನನ್ನ ಕೈಲಿ ಆಗಲ್ಲ ಬಿಡಿ."

"ಅಯ್ಯೋ, ಹಾಗನ್ಬೇಡಿ! ಎಲ್ಲರೂ ಮಾಡೋ ತಪ್ಪೇ ಅದು. ನೀವು ಫೋಲ್ಡರಿನ ಬೀಗ ಮಾತ್ರ ತೆಗೆದಿದ್ದೀರಿ. ಒಳಗಿರೋ ಫೈಲುಗಳಿಗೆಲ್ಲ ಅನ್ವಯಿಸಲಿ ಅಂತ ಒಂದು ಆಯ್ಕೆ ಇರುತ್ತೆ ನೋಡಿ, ಅದನ್ನ ಒತ್ತಿ. ಅವಸರ ಇಲ್ಲ, ನಾನಿದ್ದೀನಿ."

ಒತ್ತಿದಳು. ಹಸಿರು ಹೆಸರುಗಳು ಒಂದರ ಹಿಂದೆ ಒಂದು ಕಪ್ಪಾಗತೊಡಗಿದವು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಕೆಳಗಿನ ಮನೆಯವರಿಂದ ತಂದಿದ್ದ ಲ್ಯಾಪ್‌ಟಾಪಿಗೆ ಚುಚ್ಚಿದಳು. ಮಗುವಿನ ಫ್ರಾಕಿನ ನಕ್ಷೆ ಪರದೆಯ ತುಂಬ ತೆರೆದುಕೊಂಡಿತು. ಕುಣಿದಾಡಬೇಕಿತ್ತು. ಅಳು ಬಂತು.

"ಓಪನ್ ಆಯ್ತು."

"ನೋಡಿದ್ರಾ! ಆಗಲ್ಲ ಅಂತಿದ್ರಿ."

ಅವಳು ಸೂಟ್‌ಕೇಸಿನ ಕಡೆ ನೋಡಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಗಲೇಬೇಕೆಂದೇನೂ ಇರಲಿಲ್ಲ. ಒಂದು ಮಾತು ಸಿಕ್ಕಿದ್ದರೆ ಸೂಟ್‌ಕೇಸ್ ವಾಪಸ್ಸು ಮಂಚದ ಕೆಳಗೆ ಹೋಗುತ್ತಿತ್ತು. ಬರೆದಳು, ಅಳಿಸಿದಳು, ಮತ್ತೆ ಬರೆದಳು.

"ಒಂದು ಕೇಳ್ಲಾ? ನೀವು ಮನೇಲೂ ಹೀಗೇ ಮಾತಾಡ್ತೀರಾ?"

"ಹ್ಹಹ್ಹ! ಮನೇಲಿ ಮಾತಾಡೋಕೆ ಏನಿದೆ ಮೇಡಂ? ಅಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ."

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಎದ್ದು ಪೆನ್‌ಡ್ರೈವನ್ನು ಪರ್ಸಿನೊಳಗೆ ಹಾಕಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು. ಪರದೆಯ ಮೇಲೆ ಗೆಳೆಯನ ಕೊನೆಯ ಪ್ರಶ್ನೆ ಬಂದು ನಿಂತಿತ್ತು. "ನನ್ನಿಂದ ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಅವಳು ನಿಂತುಕೊಂಡೇ ಟೈಪ್ ಮಾಡಿದಳು. "ಬೇಡ ರೀ. ಊಟ ಮೇಜಿನ ಮೇಲೆ ಮುಚ್ಚಿಟ್ಟಿದ್ದೀನಿ, ಬಂದ ತಕ್ಷಣ ಬಿಸಿ ಮಾಡ್ಕೊಂಡು ತಿನ್ನಿ. ಮನೆ ಕೀ ಕೆಳಗಿನ ಮನೆಯವರ ಹತ್ರ ಕೊಟ್ಟಿರ್ತೀನಿ."